ಜಾಣ ನಾಯಕನ ಸೊಕ್ಕಿಗೆ ಬೆಲೆ ತೆರುವವರು ಯಾರು?



ನಮ್ಮ ಬಾಗಲಕೋಟೆಯ ಕಡೆ ಜಾಣ ಹುಡುಗನೊಬ್ಬನ ಮಾತು ಬಂದಾಗ ‘ಭಾಳ ಶಾಣ್ಯಾ ಅದಾನ’ ಎಂಬ ಮೆಚ್ಚುಗೆಯ ಬೆನ್ನಿಗೇ ‘ಆದರ ಸೊಕ್ಕ ಭಾಳ’ ಎಂಬ ಇನ್ನೊಂದು ಮಾತು ಬರುವುದುಂಟು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಜಾಣತನವಿದ್ದಲ್ಲಿ ಸೊಕ್ಕು ಇರುವುದು ಸಹಜವೆಂಬಂತೆ ನಕ್ಕು ಸುಮ್ಮನಾಗುತ್ತೇವೆ. ಒಬ್ಬನೇ ಕುಳಿತು ಓದುವ, ಒಬ್ಬನೇ ಓಡಿ ಗೆಲ್ಲುವ ಹುಡುಗನ ವಿಷಯದಲ್ಲಿ ಹಾಗೆ ಸುಮ್ಮನಾಗಬಹುದು. ಅವನ ಸೊಕ್ಕಿನಿಂದ ಕೆಡುವುದೇನಿದ್ದರೂ ಅವನದೇ ಕೆಡುತ್ತದೆ. ಆದರೆ ಅದೇ ಹುಡುಗನ ಕೈಗೆ ಏಳು ಜನರ ತಂಡವನ್ನೊಪ್ಪಿಸಿ ‘ನೀನು ಇವರ ನಾಯಕ’ ಎಂದ ಕ್ಷಣದಿಂದ ಪ್ರಶ್ನೆಯೇ ಬೇರೆಯಾಗುತ್ತದೆ. ಆ ಸೊಕ್ಕಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಹಾಗೆ ತೆರುವವರ ಮುಖವನ್ನು ಅವನು ಒಮ್ಮೆಯಾದರೂ ನೋಡಿದ್ದಾನೆಯೇ? ಇಂದಿನ ಬರಹದಲ್ಲಿ ಈ ಎರಡು ಪ್ರಶ್ನೆಗಳನ್ನು ಕುರಿತು ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ವಿಚಾರವನ್ನು ನನ್ನಲ್ಲಿ ಎಬ್ಬಿಸಿದ್ದು ಒಂದು ಜಪಾನಿ ಚಿತ್ರಸರಣಿ. ರಜೆಗೆ ಬಂದಿದ್ದ ಮೊಮ್ಮಗ ದಿನವೂ ಮಧ್ಯಾಹ್ನದ ಊಟವಾದ ಮೇಲೆ ‘ಅಜ್ಜಾ, ನೀನೂ ಕೂಡು’ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೋರಿಸಿದ. ಅದರ ಹೆಸರು ‘ಮೊಬೈಲ್ ಸೂಟ್ ಗಂಡಮ್ ಸೀಡ್’. 2002ರ ಅಕ್ಟೋಬರಿನಿಂದ 2003ರ ಸೆಪ್ಟೆಂಬರಿನವರೆಗೆ ಜಪಾನಿನ ಟಿ.ವಿ.ಯಲ್ಲಿ 50 ಕಂತುಗಳಾಗಿ ಪ್ರಸಾರವಾದುದು. ಚಿತ್ರ ಬರೆದು ಅದಕ್ಕೆ ಚಲನೆ ಕೊಡುವ ಇಂಥ ಕೃತಿಗಳನ್ನು ಜಪಾನೀಯರು ‘ಆನಿಮೆ’ ಎನ್ನುತ್ತಾರೆ. ಅಲ್ಲಿ ಇವು ಚಿಕ್ಕ ಮಕ್ಕಳ ಮನರಂಜನೆಗಷ್ಟೇ ಸೀಮಿತವಲ್ಲ. ಯುದ್ಧ, ಸಾವು, ಪಶ್ಚಾತ್ತಾಪಗಳಂಥ ಗಂಭೀರ ವಸ್ತುಗಳನ್ನೂ ಧೈರ್ಯವಾಗಿ ಎತ್ತಿಕೊಳ್ಳುತ್ತವೆ. ನನ್ನ ವಯಸ್ಸಿನ ಓದುಗರಿಗೆ ಇದು ಹೊಸತಾಗಿರಬಹುದಾದ್ದರಿಂದ ಕಥೆಯನ್ನು ಸ್ವಲ್ಪ ವಿವರಿಸುತ್ತೇನೆ.

ಮುಂದೆ ಬರಲಿರುವ ಯಾವುದೋ ಒಂದು ಕಾಲ. ಮನುಷ್ಯಕುಲ ಎರಡು ಬಣಗಳಾಗಿ ಒಡೆದಿದೆ. ನಮ್ಮ ನಿಮ್ಮಂತೆ ಸಹಜವಾಗಿ ಹುಟ್ಟಿದವರು ‘ನ್ಯಾಚುರಲ್’ಗಳು. ಹುಟ್ಟುವ ಮೊದಲೇ ವಂಶವಾಹಿಗಳನ್ನು ತಿದ್ದಿಸಿಕೊಂಡು, ಬುದ್ಧಿಯಲ್ಲೂ ದೇಹಬಲದಲ್ಲೂ ಮೇಲಾಗಿ ಹುಟ್ಟಿದವರು ‘ಕೋಆರ್ಡಿನೇಟರ್’ಗಳು. ಈ ಎರಡನೆಯವರಲ್ಲಿ ಹೆಚ್ಚಿನವರು ಬಾಹ್ಯಾಕಾಶದಲ್ಲಿ ಕಟ್ಟಿದ ನಗರಗಳಲ್ಲಿ ವಾಸಿಸುತ್ತಾರೆ. ಇಬ್ಬರ ನಡುವೆ ಘೋರ ಯುದ್ಧ. ಮನುಷ್ಯಾಕಾರದ ದೈತ್ಯ ಯಂತ್ರಗಳ ಎದೆಗೂಡಿನಲ್ಲಿ ಕುಳಿತು, ಮೀಸೆ ಮೂಡದ ಹುಡುಗರು ಹೋರಾಡುತ್ತಾರೆ. ಜಾಣನಾಗಿಯೇ ಹುಟ್ಟಬೇಕೆಂದು ದುಡ್ಡು ಕೊಟ್ಟು ತಿದ್ದಿಸಿಕೊಂಡ ಮಕ್ಕಳಿಗೆ ಉಳಿದವರ ಬಗ್ಗೆ ಎಂಥ ಭಾವನೆ ಬೆಳೆದೀತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆ ಹುಡುಗರಲ್ಲೊಬ್ಬ ಇಝಾಕ್ ಜೂಲ್. ಹದಿನೇಳರ ಹರೆಯ, ಬೆಳ್ಳಿಯ ಬಣ್ಣದ ಕೂದಲು. ತಾಯಿ ಅಲ್ಲಿನ ಆಡಳಿತದ ಉನ್ನತ ಮಂಡಳಿಯ ಸದಸ್ಯೆ. ತರಬೇತಿಯಲ್ಲಿ ಮುಂಚೂಣಿಯಲ್ಲಿದ್ದವರಿಗೆ ಸಿಗುವ ಕೆಂಪು ಸಮವಸ್ತ್ರ ಅವನ ಮೈಮೇಲಿದೆ. ಪ್ರತಿಭೆಗೆ ಕೊರತೆಯಿಲ್ಲ, ಆದರೆ ಮಾತಿನಲ್ಲಿ ತಾಳ್ಮೆಯಿಲ್ಲ, ಎದುರಾಳಿಯ ಬಗ್ಗೆ ಗೌರವವಿಲ್ಲ. ಅಥ್ರನ್ ಝಾಲಾ ಎಂಬ ಜೊತೆಗಾರ ತನಗಿಂತ ಒಂದು ಹೆಜ್ಜೆ ಮುಂದಿರುವುದನ್ನು ಅವನಿಂದ ಸಹಿಸಲಾಗದು. ಆ ಅಥ್ರನ್‌ನನ್ನೇ ಒಂದು ಚಿಕ್ಕ ತುಕಡಿಯ ನಾಯಕನನ್ನಾಗಿ ಮಾಡಿದಾಗ ಇಝಾಕ್ ಮುಖ ಸಿಂಡರಿಸಿಕೊಂಡೇ ಹಿಂಬಾಲಿಸುತ್ತಾನೆ. ಕಿರಾ ಯಮಾತೊ ಎಂಬ ಎದುರು ಪಾಳೆಯದ ಹುಡುಗನೊಡನೆ ಹೋರಾಡುವಾಗ ಇವನ ಮುಖಕ್ಕೆ ಆಳವಾದ ಗಾಯವಾಗುತ್ತದೆ. ಕಲೆಯನ್ನು ಅಳಿಸಿಕೊಳ್ಳುವ ವಿದ್ಯೆ ಆ ಕಾಲದಲ್ಲಿದ್ದರೂ ಇವನು ಬೇಕೆಂದೇ ಅದನ್ನು ಉಳಿಸಿಕೊಳ್ಳುತ್ತಾನೆ. ಸೇಡಿನ ನೆನಪಿಗೆ ಅದು ಇರಬೇಕಂತೆ.

ಇನ್ನು ಮುಖ್ಯ ಘಟನೆಗೆ ಬರುತ್ತೇನೆ. ಮುಖಕ್ಕೆ ಪಟ್ಟಿ ಕಟ್ಟಿಕೊಂಡೇ ಅವನು ಮತ್ತೆ ರಣರಂಗಕ್ಕಿಳಿಯುತ್ತಾನೆ. ಭೂಮಿಯ ಮೇಲ್ಭಾಗದಲ್ಲಿ ಕಾಳಗ ನಡೆದಿರುವಾಗ, ಅವನಿಗೂ ಅವನ ವೈರಿಗೂ ನಡುವೆ ಒಂದು ಚಿಕ್ಕ ನೌಕೆ ಹಾದುಹೋಗುತ್ತದೆ. ಅದರಲ್ಲಿರುವವರು ಯುದ್ಧಕ್ಕೆ ಹೆದರಿ ಓಡುತ್ತಿರುವ ಹೇಡಿ ಸೈನಿಕರೆಂದು ಬಗೆದು, ಕೋಪದ ಒಂದೇ ಕ್ಷಣದಲ್ಲಿ ಅದನ್ನು ಸುಟ್ಟುಹಾಕುತ್ತಾನೆ. ವಾಸ್ತವದಲ್ಲಿ ಅದರೊಳಗಿದ್ದವರು ಮನೆ ಕಳೆದುಕೊಂಡು ಭೂಮಿಗೆ ಇಳಿಯುತ್ತಿದ್ದ ನಿರಾಶ್ರಿತರು. ಸ್ವಲ್ಪ ಹೊತ್ತಿನ ಹಿಂದೆ ಕಿರಾನ ಕೈಗೆ ಕಾಗದದ ಹೂವೊಂದನ್ನಿತ್ತ ಪುಟ್ಟ ಹುಡುಗಿಯೂ ಅವರಲ್ಲಿದ್ದಳು. ಆ ದೃಶ್ಯವನ್ನು ನೋಡಿದ ಮೊಮ್ಮಗ ಅಂದು ಸಂಜೆಯವರೆಗೂ ಸರಿಯಾಗಿ ಮಾತನಾಡಲಿಲ್ಲ. ನನಗೂ ಚಹಾ ರುಚಿಸಲಿಲ್ಲ.

ಇಝಾಕ್ ರಾಕ್ಷಸನಲ್ಲ. ಅವನು ಆ ಹುಡುಗಿಯನ್ನು ನೋಡಿದ್ದರೆ ಗುಂಡು ಹಾರಿಸುತ್ತಿರಲಿಲ್ಲ ಎಂಬುದು ಕಥೆಯ ಮುಂದಿನ ಭಾಗದಿಂದ ತಿಳಿಯುತ್ತದೆ. ಅವನು ನೋಡಲಿಲ್ಲ. ಯಂತ್ರದ ಎದೆಗೂಡಿನಲ್ಲಿ ಕುಳಿತವನಿಗೆ ಎದುರಿಗೆ ಕಾಣುವುದು ಪರದೆಯ ಮೇಲಿನ ಒಂದು ಚುಕ್ಕೆ ಮಾತ್ರ. ಸೊಕ್ಕು ಕೂಡ ಅಂಥದೇ ಒಂದು ಯಂತ್ರ ಎಂಬುದು ನನ್ನ ಅನಿಸಿಕೆ. ಅದರೊಳಗೆ ಕುಳಿತವನಿಗೆ ತನ್ನ ಗಾಯದ ನೋವು ಚೆನ್ನಾಗಿ ತಿಳಿಯುತ್ತದೆ. ಹೊರಗಿನವರೆಲ್ಲ ಚುಕ್ಕೆಗಳಾಗಿ ಕಾಣುತ್ತಾರೆ.

ಇದು ದೂರದ ಜಪಾನಿನ ಕಥೆ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ವೀರನ ಅಭಿಮಾನವನ್ನು ಕುರಿತು ನಮ್ಮ ನೆಲ ಬಹಳ ಹಿಂದಿನಿಂದಲೂ ಯೋಚಿಸುತ್ತ ಬಂದಿದೆ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವನ್ನು ತರಗತಿಯಲ್ಲಿ ನಾವು ಓದಿದ್ದು ನಿಮಗೆ ನೆನಪಿರಬಹುದು. ಕನ್ನಡದ ತ್ರಿಪದಿಯ ಅತ್ಯಂತ ಹಳೆಯ ಮಾದರಿ ಸಿಗುವುದು ಅಲ್ಲಿಯೇ. ಆ ಶಾಸನದ ವೀರ ತುಂಬ ಅಭಿಮಾನಿ. ಮಾನ ಹೋಗುವುದಕ್ಕಿಂತ ಸಾವೇ ಲೇಸೆನ್ನುವವನು. ಆದರೆ ಶಾಸನಕವಿ ಅವನನ್ನು ವರ್ಣಿಸುವಾಗ, ಒಳ್ಳೆಯವರೊಡನೆ ಅವನು ಒಳ್ಳೆಯವನೆಂದೂ ಮಧುರವಾಗಿರುವವರೊಡನೆ ಮಧುರವಾಗಿರುವವನೆಂದೂ ಮೊದಲು ಹೇಳಿ, ಅನಂತರವೇ ಪೀಡಿಸುವವರಿಗೆ ಅವನು ಎಂಥ ಕಠೋರನೆಂಬುದನ್ನು ಹೇಳುತ್ತಾನೆ. ಎದುರಿಗಿರುವವರು ಯಾರೆಂದು ನೋಡಿ ತಿಳಿಯುವ ಕಣ್ಣು ಆ ಅಭಿಮಾನಕ್ಕಿದೆ. ಅಭಿಮಾನಕ್ಕೂ ಸೊಕ್ಕಿಗೂ ನಡುವಿನ ಗೆರೆ ಇಲ್ಲಿಯೇ ಇದೆ. ಅಭಿಮಾನಿಗೆ ಎದುರಿನವರ ಮುಖ ಕಾಣುತ್ತದೆ, ಸೊಕ್ಕಿದವನಿಗೆ ಕಾಣುವುದಿಲ್ಲ.

ಎಳೆಯ ದಳಪತಿ ಎಂದೊಡನೆ ನಮಗೆಲ್ಲ ನೆನಪಾಗುವವನು ಅಭಿಮನ್ಯು. ಕುಮಾರವ್ಯಾಸನ ಗಮಕವಾಚನದಲ್ಲಿ ಕೇಳಿದ, ಬಯಲಾಟದ ರಂಗದ ಮೇಲೂ ಕಂಡ ಕಥೆ. ಹದಿನಾರರ ಹುಡುಗ. ದ್ರೋಣರು ಒಡ್ಡಿದ ಚಕ್ರವ್ಯೂಹವನ್ನು ಕಂಡು ಸಾರಥಿ ಸುಮಿತ್ರ ಎಚ್ಚರಿಸಿದಾಗ ನಕ್ಕುಬಿಡುತ್ತಾನೆ. ಸೋದರಮಾವನಾದ ಕೃಷ್ಣನೇ ಬರಲಿ, ತಂದೆ ಅರ್ಜುನನೇ ಬರಲಿ, ತನಗೆ ಭಯವಿಲ್ಲ ಎನ್ನುತ್ತಾನೆ. ಇಷ್ಟನ್ನೇ ಕೇಳಿದವರು ಅವನನ್ನು ಸೊಕ್ಕಿನ ಹುಡುಗನೆಂದೇ ತೀರ್ಮಾನಿಸಿಬಿಡಬಹುದು. ಆದರೆ ಅದಕ್ಕೂ ಮೊದಲು ಧರ್ಮರಾಯನ ಮುಂದೆ ಅವನಾಡಿದ ಇನ್ನೊಂದು ಮಾತಿದೆ: ಒಳಹೋಗುವ ದಾರಿ ತನಗೆ ಗೊತ್ತು, ಹೊರಬರುವ ದಾರಿ ಗೊತ್ತಿಲ್ಲ. ಯುದ್ಧದ ನಡುವೆ, ಹಿರಿಯರೆಲ್ಲ ನಿಂತು ಕೇಳುತ್ತಿರುವಾಗ, ತನಗೆ ಬಾರದ್ದನ್ನು ಸ್ಪಷ್ಟವಾಗಿ ಹೇಳಿದ ಹುಡುಗ ಅವನು. ಹಾಗೆ ಹೇಳಬಲ್ಲವನನ್ನು ಸೊಕ್ಕಿನವನೆನ್ನಲು ನನಗೆ ಮನಸ್ಸಾಗದು.

ಆ ಮಾತನ್ನು ಕೇಳಿಸಿಕೊಂಡ ಹಿರಿಯರು ಮಾಡಿದ್ದೇನು? ‘ನೀನು ದಾರಿ ಮಾಡು, ನಾವು ಬೆನ್ನಿಗೇ ಬರುತ್ತೇವೆ’ ಎಂದು ಕಳಿಸಿದರು. ಸೈಂಧವ ಶಿವನ ವರಬಲದಿಂದ ಅವರನ್ನೆಲ್ಲ ಬಾಗಿಲಲ್ಲೇ ತಡೆದ. ಒಳಹೋದ ಹುಡುಗ ಒಬ್ಬಂಟಿಯಾದ. ಇಲ್ಲಿ ಬೆಲೆ ತೆತ್ತವನು ಹುಡುಗ. ಆದರೆ ಅದಕ್ಕೆ ಕಾರಣ ಅವನ ಸೊಕ್ಕಿಗಿಂತ ಹಿರಿಯರ ಅವಸರ. ಪ್ರತಿಭಾವಂತರಾದ ಮಕ್ಕಳ ಸೊಕ್ಕನ್ನು ಕುರಿತು ಮಾತನಾಡುವ ಮೊದಲು, ಅವರ ಪ್ರತಿಭೆಯನ್ನು ನಾವು ಯಾವುದಕ್ಕೆ ಬಳಸಿಕೊಳ್ಳುತ್ತಿದ್ದೇವೆ ಎಂದು ಕೇಳಿಕೊಳ್ಳುವುದು ಒಳಿತು.

ಇದೇ ಜಿಲ್ಲೆಯ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ರನ್ನ, ಈ ಲೆಕ್ಕವನ್ನು ಮತ್ತೊಂದು ಕಡೆಯಿಂದ ತೋರಿಸಿಕೊಟ್ಟಿದ್ದಾನೆ. ಗದಾಯುದ್ಧದ ದುರ್ಯೋಧನ ಶರಶಯ್ಯೆಯ ಮೇಲಿರುವ ಭೀಷ್ಮರನ್ನು ಕಾಣಲು ಸಂಜಯನೊಡನೆ ರಣಭೂಮಿಯನ್ನು ದಾಟಿ ನಡೆಯಬೇಕಾಗುತ್ತದೆ. ಹನ್ನೊಂದು ಅಕ್ಷೌಹಿಣಿಯ ಒಡೆಯ ಅಂದು ರಥವಿಲ್ಲದೆ, ಆನೆಯಿಲ್ಲದೆ, ಬರಿಗಾಲಿನಂತೆ ಹೆಣಗಳ ನಡುವೆ ಹೆಜ್ಜೆಯಿಡುತ್ತಾನೆ. ಗುರು ದ್ರೋಣರನ್ನು ಕಾಣುತ್ತಾನೆ, ತಮ್ಮ ದುಶ್ಶಾಸನನನ್ನು ಕಾಣುತ್ತಾನೆ, ಪ್ರಾಣಮಿತ್ರ ಕರ್ಣನನ್ನು ಕಾಣುತ್ತಾನೆ. ತನಗೆ ತರ್ಪಣ ಕೊಡಬೇಕಾಗಿದ್ದ ಮಗ ಲಕ್ಷಣಕುಮಾರನಿಗೆ ತಾನೇ ತರ್ಪಣ ಕೊಡಬೇಕಾಗಿ ಬಂತಲ್ಲಾ ಎಂದು ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ದೇಹದ ಮುಂದೆ ನಿಂತು, ನಿನ್ನ ಸಾಹಸದ ಒಂದಂಶದಷ್ಟಾದರೂ ಇರುವ ಸಾವು ನನಗೆ ದೊರೆಯಲಿ ಎಂದು ಕೈಮುಗಿಯುತ್ತಾನೆ. ತನ್ನ ಮಗನನ್ನು ಕೊಂದವನಿಗೆ ಕೈಮುಗಿಯುವ ತಂದೆಯನ್ನು ಚಿತ್ರಿಸಿದ ರನ್ನನ ಎದೆಗಾರಿಕೆ ದೊಡ್ಡದು.

ಈ ಭಾಗವನ್ನು ಕರುಣರಸಕ್ಕೆ ಉದಾಹರಣೆಯೆಂದು ಹೇಳಿ ಪಾಠ ಮುಗಿಸುವುದು ವಾಡಿಕೆ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ತನ್ನ ಛಲಕ್ಕೆ ಬೆಲೆ ತೆತ್ತವರ ಮುಖಗಳನ್ನು ಒಡೆಯನೊಬ್ಬ ಹತ್ತಿರದಿಂದ, ಒಂದೊಂದಾಗಿ, ನಡೆದು ನೋಡಿದ ಪ್ರಸಂಗವದು. ರಥದ ಮೇಲಿಂದ ನೋಡಿದ್ದರೆ ಅವನಿಗೆ ಅವು ಬರಿಯ ಸಂಖ್ಯೆಗಳಾಗಿ ಕಾಣುತ್ತಿದ್ದವು. ದುರ್ಯೋಧನನ ದುರಂತವೆಂದರೆ ಆ ನಡಿಗೆ ಬಹಳ ತಡವಾಗಿ ಬಂತು. ಹದಿನೆಂಟನೆಯ ದಿನಕ್ಕೆ ನೋಡಲು ಹೆಣಗಳಷ್ಟೇ ಉಳಿದಿದ್ದವು. ಅದೇ ನಡಿಗೆ ಹದಿನೈದು ಹದಿನಾರರ ವಯಸ್ಸಿನಲ್ಲಿ, ಯಾರೂ ಸಾಯದಿರುವಾಗಲೇ ಆಗಿಬಿಟ್ಟರೆ ಅದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ.

ಅಂಥದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಗಲಕೋಟೆ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರದಿದ್ದ, ಎಂದರೆ 1997ಕ್ಕೂ ಹಿಂದಿನ ಮಾತು. ಇಳಕಲ್ಲಿನಲ್ಲಿ ನನ್ನ ತರಗತಿಯ ಹುಡುಗನೊಬ್ಬ ಕಬಡ್ಡಿ ತಂಡದ ನಾಯಕನಾಗಿದ್ದ. ಮನೆಯಲ್ಲಿ ಗ್ರಾನೈಟ್ ವ್ಯಾಪಾರ, ಗಣಿತದಲ್ಲಿ ತರಗತಿಗೇ ಮೊದಲಿಗ, ಅಂಕಣದಲ್ಲಿ ಚಿಗರೆ. ಕಬಡ್ಡಿಯ ಏಳು ಜನರಲ್ಲಿ ಚಕ್ರವ್ಯೂಹದ ಮಹಾರಥರನ್ನು ಕಾಣುವವರು ನಮ್ಮಲ್ಲಿದ್ದಾರೆ. ಒಬ್ಬನೇ ಒಳಹೊಕ್ಕು ಉಸಿರು ಬಿಡದೆ ಹಿಂತಿರುಗಬೇಕಾದ ಆಟ ಅದು. ಇವನು ಹೊಕ್ಕರೆ ಹಿಂತಿರುಗುವುದು ಖಚಿತವಾಗಿತ್ತು. ಹುನಗುಂದದಲ್ಲಿ ನಡೆದ ತಾಲೂಕು ಮಟ್ಟದ ಪಂದ್ಯದಲ್ಲಿ, ಎದುರು ತಂಡದ ದಡೂತಿ ಆಟಗಾರನೊಬ್ಬನನ್ನು ಮೂಲೆಯಲ್ಲಿ ಒಬ್ಬನೇ ಹಿಡಿದು ನಿಲ್ಲಿಸಬೇಕೆಂದು ಇವನು ತನ್ನ ತಂಡದ ಸಣಕಲು ಹುಡುಗನಿಗೆ ಅಪ್ಪಣೆ ಮಾಡಿದ. ಆ ಹುಡುಗ ಹಿಂದಿನ ಆಟದಲ್ಲೇ ಮಣಿಕಟ್ಟು ನೋಯಿಸಿಕೊಂಡಿದ್ದ. ಅದನ್ನು ಹೇಳಿಯೂ ಇದ್ದ. ‘ಅಂಜಬುರುಕ’ ಎಂಬ ಒಂದು ಮಾತಿಗೆ ಅವನು ಎದ್ದು ನಿಂತ, ಹಿಡಿದ, ತಂಡ ಗೆದ್ದಿತು. ಬಲಗೈಯ ಮೂಳೆ ಮುರಿಯಿತು.

ಟ್ರೋಫಿಯೊಂದಿಗೆ ಮರಳಿದ ನಾಯಕನಿಗೆ ಶಾಲೆಯಲ್ಲಿ ಚಪ್ಪಾಳೆ ಬಿತ್ತು. ನಾನು ಅವನಿಗೆ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದ ಹುಡುಗನಿಗೆ ದಿನದ ಪಾಠಗಳನ್ನು ಬರೆದುಕೊಟ್ಟು ಬರುವ ಕೆಲಸವನ್ನು ಅವನಿಗೆ ಒಪ್ಪಿಸಿದೆ, ಅಷ್ಟೇ. ‘ಬ್ಯಾರೆ ಯಾರರ ಹೋಗ್ಲಿ ರೀ ಸರ’ ಎಂದ. ‘ತಂಡದ ನಾಯಕ ನೀನು, ನೀನೇ ಹೋಗಬೇಕು’ ಎಂದೆ.

ಗಾಯಗೊಂಡವನದು ನೇಕಾರರ ಮನೆ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಎಳೆಯ ಬೆರಳುಗಳಿಗೆ ಚೆನ್ನಾಗಿ ಒಗ್ಗುವ ಕೆಲಸ. ಶಾಲೆ ಬಿಟ್ಟ ಮೇಲೆ ಅದನ್ನು ಮಾಡುತ್ತಿದ್ದವನು ಈ ಹುಡುಗನೇ. ಅವನ ಕೈ ನಿಂತದ್ದರಿಂದ ಮಗ್ಗದ ಕೆಲಸ ಹಿಂದೆ ಬಿದ್ದಿತ್ತು. ನಾಯಕ ನಾಲ್ಕಾರು ದಿನ ಹೋಗಿ ಬಂದವನು ಒಂದು ಸಂಜೆ ನನ್ನ ಬಳಿ ಬಂದು ತಲೆ ತಗ್ಗಿಸಿ ನಿಂತ. ‘ಸರ, ಅವರ ಅವ್ವ ನನಗ ಬೈಲೇ ಇಲ್ಲ ರೀ. ದಿನಾ ಚಾ ಮಾಡಿ ಕೊಡ್ತಾರ ರೀ’ ಎಂದ. ಮುಂದೆ ಮಾತು ಹೊರಡಲಿಲ್ಲ. ಆ ತಾಯಿ ಬೈದಿದ್ದರೆ ಅವನು ಎದುರುತ್ತರ ಕೊಟ್ಟು ಹಗುರಾಗುತ್ತಿದ್ದ. ಅವರ ಚಹಾಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಆಮೇಲೆ ಪಾಠ ಬರೆದುಕೊಟ್ಟ ನಂತರ ಮಗ್ಗದ ಬಳಿ ಕುಳಿತು ಕೊಂಡಿ ಹಾಕಲೂ ಯತ್ನಿಸಿದನಂತೆ. ಗಣಿತದ ಮೊದಲಿಗನ ಕೈಯಲ್ಲಿ ಎಳೆಗಳು ಹರಿದದ್ದೇ ಹೆಚ್ಚು.

ಅವನ ನಾಲಗೆ ಮೃದುವಾಯಿತೆಂದು ಹೇಳಿದರೆ ಸುಳ್ಳಾದೀತು. ಮರುವರ್ಷವೂ ಅಂಕಣದಲ್ಲಿ ಅವನ ಗತ್ತು ಹಾಗೆಯೇ ಇತ್ತು. ಆದರೆ ಪ್ರತಿ ಆಟಕ್ಕೂ ಮೊದಲು ತಂಡದವರನ್ನು ಸುತ್ತ ನಿಲ್ಲಿಸಿಕೊಂಡು ‘ಯಾರಿಗೆ ಎಲ್ಲಿ ನೋವೈತಿ, ಮೊದಲ ಹೇಳ್ರಿ’ ಎಂದು ಕೇಳುವ ರೂಢಿ ಬಂದಿತ್ತು. ನನಗೆ ಅಷ್ಟು ಸಾಕಿತ್ತು. ಆ ಇಬ್ಬರೂ ಈ ಬರಹವನ್ನು ಓದುತ್ತಿರಬಹುದಾದ್ದರಿಂದ ಹೆಸರುಗಳನ್ನು ಹೇಳುವುದಿಲ್ಲ, ಅವರಿಗೆ ಗೊತ್ತಾಗುತ್ತದೆ.

ಜಪಾನಿನ ಇಝಾಕ್‌ನೂ ಹಾಗೆಯೇ ಬದಲಾಗುತ್ತಾನೆ ಎಂಬುದು ನನಗೆ ಆ ಸರಣಿಯಲ್ಲಿ ತುಂಬ ಹಿಡಿಸಿದ ಸಂಗತಿ. ಒಂದೇ ಪೆಟ್ಟಿಗೆ ಅವನು ಸಂತನಾಗುವುದಿಲ್ಲ. ಜೊತೆಗಾರ ನಿಕೋಲ್ ಯುದ್ಧದಲ್ಲಿ ಸಾಯುತ್ತಾನೆ. ಪನಾಮಾದ ಕಾಳಗದಲ್ಲಿ ಕೈಲಾಗದೆ ನಿಂತ ಶತ್ರುಗಳನ್ನು ತನ್ನವರೇ ಕೊಲ್ಲುವುದನ್ನು ನೆಲದ ಮೇಲೆ ನಿಂತು ನೋಡಿದಾಗ ಅವನಿಗೆ ಹೇಸಿಕೆಯಾಗುತ್ತದೆ. ಆಪ್ತ ಗೆಳೆಯ ಡಿಯಾಕಾ ಶತ್ರುಪಾಳೆಯ ಸೇರಿದನೆಂದು ತಿಳಿದು ಬಂದೂಕು ಹಿಡಿದು ಎದುರು ನಿಂತರೂ, ಗುಂಡು ಹಾರಿಸದೆ ಅವನ ಮಾತನ್ನು ಕೇಳಿಸಿಕೊಳ್ಳುತ್ತಾನೆ. ಅಂದು ನೌಕೆಯನ್ನು ಸುಟ್ಟಾಗ ಕೇಳುವ ವ್ಯವಧಾನವಿಲ್ಲದಿದ್ದವನಿಗೆ ಈಗ ಅದು ಬಂದಿದೆ. ತುಕಡಿಯ ನಾಯಕತ್ವ ಅವನ ಪಾಲಿಗೆ ಬರುವುದು ಇಷ್ಟೆಲ್ಲ ಕಂಡ ಮೇಲೆಯೇ. 2004ರಲ್ಲಿ ಆರಂಭವಾದ ‘ಗಂಡಮ್ ಸೀಡ್ ಡೆಸ್ಟಿನಿ’ ಎಂಬ ಮುಂದಿನ ಸರಣಿಯಲ್ಲಿ ಅವನು ದಳಪತಿ. ಮುಖದ ಮೇಲೆ ಆ ಸೇಡಿನ ಕಲೆಯಿಲ್ಲ. ಡಿಯಾಕಾ ಅವನದೇ ದಳದಲ್ಲಿದ್ದಾನೆ. ‘ಜೂನಿಯಸ್ ಸೆವೆನ್’ ಎಂಬ ಹಾಳುಬಿದ್ದ ಬಾಹ್ಯಾಕಾಶ ನಗರ ಭೂಮಿಯ ಮೇಲೆ ಬೀಳತೊಡಗಿದಾಗ, ಅದನ್ನು ಒಡೆದು ಚೂರು ಮಾಡಿ ಕೆಳಗಿನ ಜನರನ್ನು ಉಳಿಸಲು ಹೋಗುವುದು ಜೂಲ್ ದಳವೇ. ಭೂಮಿಗಿಳಿಯುತ್ತಿದ್ದ ಅಮಾಯಕರನ್ನು ಒಮ್ಮೆ ಸುಟ್ಟ ಕೈ, ಈಗ ಭೂಮಿಯ ಮೇಲಿನ ಅಮಾಯಕರಿಗಾಗಿ ದುಡಿಯುತ್ತದೆ. ಸತ್ತವರು ಮರಳಿ ಬರುವುದಿಲ್ಲ. ಆ ಸಾಲ ತೀರುವಂಥದಲ್ಲ. ಅಲ್ಲಿಯೂ ಅವನು ಅಥ್ರನ್‌ನ ಮೇಲೆ ರೇಗುತ್ತಲೇ ಇರುತ್ತಾನೆ. ನಾಲಗೆ ಹಳೆಯದೇ, ಕಣ್ಣು ಮಾತ್ರ ಹೊಸದು.

ಈಗ ನಮ್ಮ ಇಂದಿನ ಊರುಗಳತ್ತ ನೋಡೋಣ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನವೇ ಬಾಗಲಕೋಟೆಯ ವೃತ್ತಗಳಲ್ಲಿ ಮಕ್ಕಳ ಭಾವಚಿತ್ರದ ಫ್ಲೆಕ್ಸುಗಳು ಏಳುತ್ತವೆ. 625ಕ್ಕೆ ಎಷ್ಟು ಎಂಬ ಅಂಕಿ ಮಗುವಿನ ಮುಖಕ್ಕಿಂತ ದೊಡ್ಡದಾಗಿರುತ್ತದೆ. ಅನಂತರ ಕೋಚಿಂಗ್, ಅನಂತರ ಪ್ರವೇಶ ಪರೀಕ್ಷೆ. ಪ್ರವೇಶ ಎಂಬ ಆ ಶಬ್ದವನ್ನೇ ಗಮನಿಸಿ. ಒಳಹೋಗುವ ದಾರಿಯನ್ನು ಎಲ್ಲರೂ ಕಲಿಸುತ್ತಾರೆ. ಸೋತಾಗ ಹೊರಬರುವುದು ಹೇಗೆ, ಒಳಗೆ ಎದುರಾಗುವ ಮನುಷ್ಯರೊಡನೆ ಬಾಳುವುದು ಹೇಗೆ ಎಂಬುದನ್ನು ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಕೋಆರ್ಡಿನೇಟರ್‌ಗಳನ್ನು ತಯಾರಿಸಲು ವಂಶವಾಹಿಯನ್ನು ತಿದ್ದಬೇಕಾಗಿಲ್ಲ. ‘ನೀನು ಇವರಂತಲ್ಲ’ ಎಂದು ಹತ್ತು ವರ್ಷ ದಿನವೂ ಹೇಳುತ್ತ ಬಂದರೆ ಸಾಕು.

ಹೊಗಳಿಕೆಯನ್ನು ಕೆತ್ತಿಸುವ ಅಭ್ಯಾಸ ಇಂದಿನದೇನಲ್ಲ ಎನ್ನಬಹುದು. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ, ಕ್ರಿ.ಶ. 634ರಲ್ಲಿ ರವಿಕೀರ್ತಿ ರಚಿಸಿದ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯಿದೆ. ಅದೂ ಹೊಗಳಿಕೆಯೇ. ಆದರೆ ತರುಣ ಪುಲಕೇಶಿ ಚಿಕ್ಕಪ್ಪ ಮಂಗಳೇಶನನ್ನು ಗೆದ್ದದ್ದನ್ನು ಹೇಳುವಾಗ ಕವಿ ಎರಡು ಶಕ್ತಿಗಳನ್ನು ಜೊತೆಯಾಗಿ ಹೆಸರಿಸುತ್ತಾನೆ: ಮಂತ್ರಶಕ್ತಿ ಮತ್ತು ಉತ್ಸಾಹಶಕ್ತಿ. ಉತ್ಸಾಹವೆಂದರೆ ಪರಾಕ್ರಮ; ಮಂತ್ರವೆಂದರೆ ಇನ್ನೊಬ್ಬರೊಡನೆ ಕುಳಿತು ಮಾಡುವ ಆಲೋಚನೆ. ಹದಿಹರೆಯದ ಪರಾಕ್ರಮಕ್ಕೆ ಆಲೋಚನೆಯ ಜೊತೆ ಬೇಕೆಂಬುದು ಹದಿನಾಲ್ಕು ಶತಮಾನಗಳ ಹಿಂದೆಯೇ ನಮ್ಮ ಕಲ್ಲಿಗೆ ಗೊತ್ತಿತ್ತು. ಆ ಪ್ರಶಸ್ತಿ ಬರೆದು ಎಂಟೇ ವರ್ಷಗಳಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಕಲ್ಲಿನ ಮೇಲಿನ ಹೊಗಳಿಕೆಯ ಗತಿಯೇ ಹೀಗಿರುವಾಗ ಫ್ಲೆಕ್ಸಿನ ಮಾತೇನು!

ಹಾಗಾದರೆ ಪ್ರತಿಭಾವಂತ ಮಗುವಿನ ಗರ್ವವನ್ನು ಮುರಿಯಬೇಕೇ? ಖಂಡಿತ ಬೇಡ. ಮುರಿದರೆ ಪ್ರತಿಭೆಯೂ ಜೊತೆಗೇ ಮುರಿಯುತ್ತದೆ. ನಾಲ್ಕು ಜನರ ಮುಂದೆ ಅವಮಾನಿಸಿದರೆ ಇಝಾಕ್‌ನ ಕಲೆಯಂತೆ ಅದು ಸೇಡಾಗಿ ಉಳಿಯುತ್ತದೆ. ತಂದೆತಾಯಿಗಳಿಗೂ ಈಗ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೂ ನನ್ನ ಸೂಚನೆಗಳು ಮೂರು. ಮೊದಲನೆಯದು, ನಾಯಕನನ್ನು ಆರಿಸುವಾಗ ‘ನಿನಗೆ ಬಾರದ್ದು ಯಾವುದು?’ ಎಂದು ಕೇಳಿರಿ. ಅಭಿಮನ್ಯುವಿನಂತೆ ಉತ್ತರಿಸಬಲ್ಲವನಿಗೆ ತಂಡವನ್ನು ಒಪ್ಪಿಸಿರಿ. ಉತ್ತರ ಬಂದ ಮೇಲೆ ಅದನ್ನು ಮರೆಯಬೇಡಿರಿ. ಎರಡನೆಯದು, ‘ಇದು ತಪ್ಪು’ ಎಂದು ಮುಖಕ್ಕೆ ಹೇಳಬಲ್ಲ ಒಬ್ಬ ಗೆಳೆಯ ಅವನ ಬಳಿ ಇರುವಂತೆ ನೋಡಿಕೊಳ್ಳಿರಿ. ಮೂರನೆಯದು, ಅವನ ಗೆಲುವಿಗೆ ಬೆಲೆ ತೆತ್ತವರ ಮನೆಗೆ ಅವನು ತನ್ನ ಕಾಲಮೇಲೆ ನಡೆದುಹೋಗುವಂತೆ ಮಾಡಿರಿ. ಉಳಿದದ್ದನ್ನು ಆ ಮನೆಯವರು ಕಲಿಸುತ್ತಾರೆ.

ನಿಮ್ಮಲ್ಲಿ ಹಲವರು ಈಗ ಬೆಂಗಳೂರು, ಪುಣೆ ಮತ್ತು ಹೊರದೇಶಗಳಲ್ಲಿ ನಾಲ್ಕು ಜನರಿಂದ ನಾನೂರು ಜನರವರೆಗೆ ತಂಡಗಳನ್ನು ನಡೆಸುತ್ತಿದ್ದೀರಿ. ನಿಮ್ಮ ಜಾಣತನದ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ನೀವು ಒಪ್ಪಿಕೊಂಡ ಗಡುವಿಗಾಗಿ ರಾತ್ರಿ ಎದ್ದಿರುವ ಹುಡುಗ ಯಾರು, ಅವನ ಮನೆಯಲ್ಲಿ ಮಲಗಿರುವ ಮಗು ಅವನ ಮುಖವನ್ನು ಎಷ್ಟು ದಿನಗಳಿಂದ ಕಂಡಿಲ್ಲ ಎಂಬುದು ನಿಮಗೆ ಗೊತ್ತಿದೆಯೇ ಎಂದು ಮಾತ್ರ ಕೇಳುತ್ತೇನೆ. ಪರದೆಯ ಮೇಲೆ ಅವನೂ ಒಂದು ಚುಕ್ಕೆಯಾಗಿ ಕಾಣುತ್ತಿದ್ದರೆ, ಯಂತ್ರದಿಂದ ಕೆಳಗಿಳಿದು ಒಮ್ಮೆ ಅವನ ಮೇಜಿನವರೆಗೆ ನಡೆದುಹೋಗಿ. ತಲೆ ಎತ್ತಿಕೊಂಡೇ ಹೋಗಿರಿ, ಅದಕ್ಕೆ ನನ್ನ ಅಭ್ಯಂತರವಿಲ್ಲ. ಕಣ್ಣು ತೆರೆದಿರಲಿ.

ನಿಮಗೂ ನಿಮ್ಮ ಮಕ್ಕಳಿಗೂ ಶುಭವಾಗಲಿ.

ಇಂತು ನಿಮ್ಮ ಹಳೆಯ ಮಾಸ್ತರ.